ನಮ್ಮ ಶಾಸಕರ ಬಾಗಿಲು ತಟ್ಟುವುದು ಹೇಗೆ?

ನನಗೆ ಪರಿಚಯವಿರುವ ಒಂದು ಹಳ್ಳಿಯ ಸಂಗತಿ ಇದು. ತಾಲ್ಲೂಕು ಕೇಂದ್ರದಿಂದ ಹನ್ನೊಂದು ಕಿಲೋಮೀಟರ್ ದೂರದ ಊರು. ಅಲ್ಲಿನ ಧರ್ಮಕೇಂದ್ರದ ವಾರ್ಷಿಕ ಹಬ್ಬಕ್ಕೆ ಕ್ಷೇತ್ರದ ಶಾಸಕರನ್ನು ಅತಿಥಿಯಾಗಿ ಕರೆದಿದ್ದರು. ಹಾರ, ಶಾಲು, ಹಣ್ಣಿನ ಬುಟ್ಟಿ ಎಲ್ಲವೂ ಆಯಿತು. ಕೊನೆಗೆ ಪಾಲನಾ ಸಮಿತಿಯ ಹಿರಿಯರೊಬ್ಬರು ಎದ್ದು ನಿಂತು ಮನವಿ ಪತ್ರ ಓದಿದರು. ಅದರಲ್ಲಿ ಹದಿನಾಲ್ಕು ಬೇಡಿಕೆಗಳಿದ್ದವು. ಸಮುದಾಯ ಭವನ, ಸ್ಮಶಾನಕ್ಕೆ ಕಾಂಪೌಂಡು, ಬೀದಿ ದೀಪ, ಬ್ಯಾಂಕಿನ ಶಾಖೆ, ರೈಲು ನಿಲುಗಡೆ ಹೀಗೆ ಪಟ್ಟಿ ಬೆಳೆದಿತ್ತು. ಹದಿಮೂರನೆಯದು ಕಾಲೇಜು ಮಕ್ಕಳಿಗೆ ಸಂಜೆಯ ಬಸ್ಸು. ಶಾಸಕರು ಎಲ್ಲವನ್ನೂ ಪರಿಶೀಲಿಸುವುದಾಗಿ ಹೇಳಿದರು. ಚಪ್ಪಾಳೆ ಬಿತ್ತು. ಫೋಟೋ ತೆಗೆದರು. ವರ್ಷ ಒಂದು ಕಳೆಯಿತು, ಹದಿನಾಲ್ಕರಲ್ಲಿ ಒಂದೂ ಆಗಲಿಲ್ಲ.

ಆ ವರ್ಷ ಊರಿನ ನಾಲ್ಕು ಹೆಣ್ಣುಮಕ್ಕಳು ಪಿಯುಸಿ ಅರ್ಧಕ್ಕೇ ಬಿಟ್ಟರು. ಕಾಲೇಜು ಬಿಡುವುದು ನಾಲ್ಕು ಗಂಟೆಗೆ. ಊರಿನ ಬಸ್ಸು ಮೂರೂಕಾಲಿಗೇ ಹೊರಟುಬಿಡುತ್ತಿತ್ತು. ಮುಂದಿನ ಬಸ್ಸು ಏಳಕ್ಕೆ. ಕತ್ತಲಾದ ಮೇಲೆ ನಿಲ್ದಾಣದಿಂದ ಮನೆಯವರೆಗೆ ಒಂದೂವರೆ ಮೈಲಿ ನಡೆಯಬೇಕು. ಯಾವ ತಂದೆತಾಯಿ ಒಪ್ಪುತ್ತಾರೆ? ರಾಜ್ಯದಲ್ಲಿ 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾಗಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಹಣ ಉಳಿಯಿತು, ನಿಜ. ಆದರೆ ಬಸ್ಸೇ ಇಲ್ಲದ ಹೊತ್ತಿನಲ್ಲಿ ಟಿಕೆಟ್ ಉಚಿತವಾದರೇನು, ದುಬಾರಿಯಾದರೇನು?

ಮರುವರ್ಷ ಆ ಊರಿನ ಸ್ವಸಹಾಯ ಸಂಘದ ಮೂವರು ತಾಯಂದಿರು ಒಂದೇ ಒಂದು ಹಾಳೆ ಹಿಡಿದುಕೊಂಡು ಶಾಸಕರ ಕಚೇರಿಗೆ ಹೋದರು. ಹಾರವಿಲ್ಲ, ಶಾಲಿಲ್ಲ. ಹೋಗುವ ಮುಂಚೆ ಮನೆಮನೆಗೆ ಹೋಗಿ ಕಾಲೇಜಿಗೆ ಹೋಗುವ ಮಕ್ಕಳನ್ನು ಎಣಿಸಿದ್ದರು. ಮೂರೂಕಾಲರ ಬಸ್ಸಿನಲ್ಲಿ ಬರುವವರನ್ನೂ ಕಂಡು, ಬಸ್ಸು ಒಂದು ಗಂಟೆ ತಡವಾದರೆ ಅವರಿಗೆ ತೊಂದರೆಯೇ ಎಂದು ಕೇಳಿ ತಿಳಿದಿದ್ದರು. ಶಾಸಕರು ಹಾಳೆ ಓದಿ, “ಬರೀ ಇಷ್ಟೇನಾ ತಾಯಿ?” ಎಂದರಂತೆ. “ಇಷ್ಟೇ ಸಾರ್. ಇದೊಂದು ಆಗಲಿ, ಇನ್ನೊಂದಕ್ಕೆ ಆಮೇಲೆ ಬರ್ತೀವಿ” ಎಂದರು ಇವರು. ಶಾಸಕರು ಅಲ್ಲೇ ಸಾರಿಗೆ ಅಧಿಕಾರಿಗೆ ಪತ್ರ ಬರೆಸಿದರು. ಅದೂ ತಾನಾಗಿ ನಡೆಯಲಿಲ್ಲ. ಮೂರು ತಿಂಗಳಲ್ಲಿ ಈ ತಾಯಂದಿರು ಇನ್ನೂ ನಾಲ್ಕು ಬಾರಿ ಓಡಾಡಬೇಕಾಯಿತು. ಈಗ ಆ ಬಸ್ಸು ನಾಲ್ಕೂವರೆಗೆ ಹೊರಡುತ್ತದೆ. ಓದು ಬಿಟ್ಟ ನಾಲ್ವರಲ್ಲಿ ಇಬ್ಬರು ಮತ್ತೆ ಕಾಲೇಜಿಗೆ ಸೇರಿದರು. ಉಳಿದ ಇಬ್ಬರಿಗೆ ಅಷ್ಟರಲ್ಲಿ ಮದುವೆಯಾಗಿತ್ತು.

ಹಬ್ಬದ ದಿನ ಊರೆಲ್ಲಾ ಸೇರಿ ಪಡೆಯಲಾಗದ್ದನ್ನು ಮೂವರು ಪಡೆದದ್ದು ಹೇಗೆ? ಈ ವಾರ ಇದನ್ನೇ ಪಾಠವಾಗಿ ಕಲಿಯೋಣ.

ಇದು ಯಾರ ಕೆಲಸ?

ಊರಿಗೆ ಏನಾದರೂ ಬೇಕಾದಾಗ ನಮ್ಮಲ್ಲಿ ಬರುವ ಮೊದಲ ಮಾತು, “ಸ್ವಾಮಿಗಳು ಒಂದು ಮಾತು ಹೇಳಲಿ” ಎಂಬುದು. ಗುರುಗಳ ಮಾತಿಗೆ ಗೌರವವಿದೆ ಎನ್ನುವುದು ಸಂತೋಷವೇ. ಆದರೆ ಗುರುಗಳು ಕೆಲವೇ ವರ್ಷಗಳಲ್ಲಿ ವರ್ಗವಾಗಿ ಹೋಗುತ್ತಾರೆ, ಊರಿನ ರಸ್ತೆಯಲ್ಲಿ ಮುಂದೆಯೂ ನಡೆಯುವವರು ನಾವು. ಶಾಸಕರ ಮುಂದೆ ನಿಂತು ಮಾತನಾಡುವ ಹಕ್ಕು ಬರುವುದು ಮತದಾರರೆಂಬ ಕಾರಣದಿಂದ. ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಹೊರತಂದ ದಾಖಲೆಗಳೂ ಲೌಕಿಕ ವ್ಯವಹಾರಗಳನ್ನು ನ್ಯಾಯವಾಗಿ ನಡೆಸುವ ಹೊಣೆಯನ್ನು ವಿಶೇಷವಾಗಿ ಶ್ರೀಸಾಮಾನ್ಯ ವಿಶ್ವಾಸಿಗಳ ಹೆಗಲಿಗೇ ಹೊರಿಸಿವೆ.

ಇನ್ನೊಂದು ಅಭ್ಯಾಸ, “ನಮ್ಮವರು” ಯಾರಿದ್ದಾರೆ ಎಂದು ಹುಡುಕುವುದು. ಹಿಂದೆ ನಮ್ಮ ವಿಧಾನಸಭೆಗೆ ಆಂಗ್ಲೋ-ಇಂಡಿಯನ್ ಸಮುದಾಯದ ಒಬ್ಬರನ್ನು ನಾಮಕರಣ ಮಾಡುವ ಪದ್ಧತಿಯಿತ್ತು. 2020ರ ಜನವರಿಯಿಂದ ಆ ವ್ಯವಸ್ಥೆ ಮುಂದುವರಿಯಲಿಲ್ಲ. ನಮ್ಮ ಕ್ಷೇತ್ರದಲ್ಲಿ ಗೆದ್ದವರು ಯಾವ ಧರ್ಮದವರೇ ಇರಲಿ, ಯಾವ ಪಕ್ಷದವರೇ ಇರಲಿ, ನಾವು ಮತ ಹಾಕಿರಲಿ ಬಿಡಲಿ, ಅವರೇ ನಮ್ಮ ಪ್ರತಿನಿಧಿ. ಅಲ್ಪಸಂಖ್ಯಾತರೆಂದು ಕೈಕಟ್ಟಿ ನಿಲ್ಲಬೇಕಾಗಿಲ್ಲ, ಕ್ಷೇತ್ರದ ಮತದಾರರೆಂದು ನೇರವಾಗಿ ಹೋಗಬಹುದು.

ಯಾವ ಬಾಗಿಲು?

ಹಬ್ಬದ ದಿನದ ಮನವಿಯ ಮೊದಲ ತಪ್ಪು ಇಲ್ಲಿತ್ತು. ಬೀದಿ ದೀಪವನ್ನೂ ರೈಲು ನಿಲುಗಡೆಯನ್ನೂ ಒಬ್ಬರ ಬಳಿಯೇ ಕೇಳಿದ್ದರು. ನಮ್ಮ ಸಂವಿಧಾನದ ಏಳನೆಯ ಅನುಸೂಚಿ ವಿಷಯಗಳನ್ನು ಕೇಂದ್ರ ಪಟ್ಟಿ, ರಾಜ್ಯ ಪಟ್ಟಿ, ಸಮವರ್ತಿ ಪಟ್ಟಿ ಎಂದು ಮೂರಾಗಿ ಹಂಚಿದೆ. ಸರಳವಾಗಿ ಹೀಗೆ ನೆನಪಿಡಬಹುದು:

1. ಬೀದಿ ದೀಪ, ಚರಂಡಿ, ಕುಡಿಯುವ ನೀರಿನ ನಲ್ಲಿ: ಮೊದಲು ಗ್ರಾಮ ಪಂಚಾಯಿತಿ ಅಥವಾ ನಗರಸಭೆಯ ಸದಸ್ಯರು. ಗ್ರಾಮಸಭೆಯಲ್ಲಿ ಎದ್ದು ಕೇಳಿ, ನಡಾವಳಿ ಪುಸ್ತಕದಲ್ಲಿ ಬರೆಸಬೇಕು.

2. ಸರ್ಕಾರಿ ಆಸ್ಪತ್ರೆ, ಪೊಲೀಸ್, ಜಮೀನು, ಸ್ಮಶಾನ ಭೂಮಿ, ರಾಜ್ಯ ಸಾರಿಗೆ ಬಸ್ಸು: ಶಾಸಕರು. ವಿಧಾನಸಭೆಯಲ್ಲಿ 224 ಸದಸ್ಯರಿದ್ದಾರೆ, ಅವರಲ್ಲಿ ಒಬ್ಬರು ನಿಮ್ಮವರು.

3. ರೈಲು, ಅಂಚೆ, ಬ್ಯಾಂಕು, ಪಾಸ್‌ಪೋರ್ಟು, ರಾಷ್ಟ್ರೀಯ ಹೆದ್ದಾರಿ: ಲೋಕಸಭಾ ಸದಸ್ಯರು. ಕರ್ನಾಟಕದಿಂದ 28 ಮಂದಿ ಆಯ್ಕೆಯಾಗುತ್ತಾರೆ. ರಾಜ್ಯಸಭೆಯಲ್ಲಿ ನಮ್ಮ ರಾಜ್ಯಕ್ಕೆ 12 ಸ್ಥಾನಗಳಿವೆ.

4. ಶಿಕ್ಷಣ ಕೇಂದ್ರ, ರಾಜ್ಯ ಎರಡಕ್ಕೂ ಸೇರಿದ್ದು. 1976ರ ತಿದ್ದುಪಡಿಯಿಂದ ಅದು ಸಮವರ್ತಿ ಪಟ್ಟಿಗೆ ಬಂತು. ಮದುವೆ, ವಿಚ್ಛೇದನದ ಕಾನೂನುಗಳೂ ಅದೇ ಪಟ್ಟಿಯಲ್ಲಿವೆ.

ನಮ್ಮಲ್ಲಿ ಅನೇಕರು ಮರೆಯುವ ಇನ್ನೊಂದು ಬಾಗಿಲಿದೆ. ಅದು 75 ಸದಸ್ಯರ ವಿಧಾನ ಪರಿಷತ್ತು. ಅದರಲ್ಲಿ 7 ಮಂದಿಯನ್ನು ಪದವೀಧರರೂ 7 ಮಂದಿಯನ್ನು ಶಿಕ್ಷಕರೂ ಆರಿಸುತ್ತಾರೆ. ನಮ್ಮ ಧರ್ಮಕೇಂದ್ರಗಳಲ್ಲಿ ಶಿಕ್ಷಕಿಯರಿಗೇನೂ ಕೊರತೆಯಿಲ್ಲ. ಶಾಲೆಗಳ ವಿಷಯವಾದರೆ ಈ ಸದಸ್ಯರನ್ನೂ ಕಾಣಬಹುದು.

ಅವರಿಂದ ಏನು ಸಾಧ್ಯ, ಏನು ಅಸಾಧ್ಯ?

ಶಾಸಕರು ಆಜ್ಞೆ ಮಾಡುವ ಅಧಿಕಾರಿಯಲ್ಲ. ಅವರ ಬಲವಿರುವುದು ಕೇಳುವುದರಲ್ಲಿ. ಸಂಬಂಧಪಟ್ಟ ಅಧಿಕಾರಿಗೆ ಅಥವಾ ಸಚಿವರಿಗೆ ಪತ್ರ ಬರೆಯಬಲ್ಲರು. ಸದನದಲ್ಲಿ ಪ್ರಶ್ನೆ ಹಾಕಬಲ್ಲರು. ಶೂನ್ಯ ವೇಳೆಯಲ್ಲಿ ವಿಷಯ ಪ್ರಸ್ತಾಪಿಸಬಲ್ಲರು. ಜನರ ಅರ್ಜಿಯನ್ನು ಸದನದ ಮುಂದಿಡಬಲ್ಲರು. ಅದನ್ನು ಪರಿಶೀಲಿಸಲೆಂದೇ ಸದನದಲ್ಲಿ ಅರ್ಜಿಗಳ ಸಮಿತಿ ಇರುತ್ತದೆ. ಸರ್ಕಾರದ ಮಸೂದೆಗೆ ತಿದ್ದುಪಡಿ ಸೂಚಿಸಬಲ್ಲರು, ಖಾಸಗಿ ಸದಸ್ಯರ ಮಸೂದೆಯನ್ನೂ ತರಬಲ್ಲರು.

ಇವುಗಳಲ್ಲಿ ಪ್ರಶ್ನೆಯ ಮಹತ್ವ ದೊಡ್ಡದು. ಲೋಕಸಭೆಯಲ್ಲಿ ಸಾಮಾನ್ಯವಾಗಿ ದಿನದ ಮೊದಲ ಗಂಟೆ ಪ್ರಶ್ನೆಗಳಿಗೇ ಮೀಸಲು. ಚುಕ್ಕೆ ಗುರುತಿನ 20 ಪ್ರಶ್ನೆಗಳು ಸಚಿವರು ಬಾಯಿಮಾತಿನಲ್ಲಿ ಉತ್ತರಿಸಬೇಕಾದ ದಿನದ ಪಟ್ಟಿಗೆ ಸೇರುತ್ತವೆ. ಚುಕ್ಕೆ ರಹಿತ ಪ್ರಶ್ನೆಗಳು ದಿನಕ್ಕೆ 230ರವರೆಗೆ ಇದ್ದು, ಅವಕ್ಕೆ ಲಿಖಿತ ಉತ್ತರ ಬರುತ್ತದೆ. ಪ್ರಶ್ನೆಗೆ ಕನಿಷ್ಠ 15 ದಿನ ಮುಂಚೆ ಸೂಚನೆ ಕೊಡಬೇಕು. ಆದ್ದರಿಂದ ಅಧಿವೇಶನ ಆರಂಭವಾದ ಮೇಲೆ ಓಡಿ ಹೋಗುವುದಕ್ಕಿಂತ ತಿಂಗಳ ಮುಂಚೆಯೇ ಹೋಗುವುದು ಒಳ್ಳೆಯದು. ನಮ್ಮ ವಿಧಾನಮಂಡಲದ ಕಲಾಪಕ್ಕೂ ಇದೇ ಮಾತು, ಅದು ಬೆಂಗಳೂರಿನ ವಿಧಾನಸೌಧದಲ್ಲಿ ನಡೆಯಲಿ, ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ನಡೆಯಲಿ.

ಸಂಸದರ ಬಳಿ ಅನುದಾನವೂ ಇದೆ. 1993ರ ಡಿಸೆಂಬರ್ 23ರಂದು ಆರಂಭವಾದ ಸ್ಥಳೀಯ ಪ್ರದೇಶಾಭಿವೃದ್ಧಿ ಯೋಜನೆಯಲ್ಲಿ 2011-12ರಿಂದ ವರ್ಷಕ್ಕೆ ತಲಾ 5 ಕೋಟಿ ರೂಪಾಯಿ ನಿಗದಿಯಾಗಿದೆ. ಸಂಸದರು ಕಾಮಗಾರಿಯನ್ನು ಶಿಫಾರಸು ಮಾಡುತ್ತಾರೆ, ಮಂಜೂರು ಮಾಡುವುದು ಜಿಲ್ಲಾಡಳಿತ. ಆದರೆ ಆರಾಧನಾ ಸ್ಥಳಗಳಿಗೆ ಈ ಹಣ ಬಳಸುವಂತಿಲ್ಲ. ಇದು ತಿಳಿಯದೆ ದೇವಾಲಯದ ಕಾಂಪೌಂಡಿಗೆ ಕೇಳಿ, ಸಿಗಲಿಲ್ಲವೆಂದು ನೊಂದುಕೊಂಡವರಿದ್ದಾರೆ. ಅದೇ ಹಣದಿಂದ ಊರಿನ ಶಾಲೆಗೆ ಕೊಠಡಿ ಅಥವಾ ಕುಡಿಯುವ ನೀರಿನ ಘಟಕ ಕೇಳಿದ್ದರೆ ಸಿಕ್ಕುವ ಸಾಧ್ಯತೆಯಿತ್ತು.

ಅವರಿಂದ ಆಗದ್ದೂ ಇದೆ. ನ್ಯಾಯಾಲಯದಲ್ಲಿರುವ ಮೊಕದ್ದಮೆಯಲ್ಲಿ ಅವರು ಕೈಹಾಕುವಂತಿಲ್ಲ. 1985ರಲ್ಲಿ ಸಂವಿಧಾನಕ್ಕೆ ಸೇರಿದ ಹತ್ತನೆಯ ಅನುಸೂಚಿಯ ಪ್ರಕಾರ, ಪಕ್ಷವು ವಿಪ್ ಹೊರಡಿಸಿದಾಗ ಅದಕ್ಕೆ ವಿರುದ್ಧವಾಗಿ ಮತ ಹಾಕಿದ ಸದಸ್ಯರು ಸ್ಥಾನವನ್ನೇ ಕಳೆದುಕೊಳ್ಳಬಹುದು. ಹಾಗಾಗಿ ಮಸೂದೆ ಮತಕ್ಕೆ ಬಂದ ದಿನ ಅವರನ್ನು ಒತ್ತಾಯಿಸಿದರೆ ಫಲ ಕಡಿಮೆ. ಮಸೂದೆ ಇನ್ನೂ ಕರಡಾಗಿರುವಾಗ, ಸಮಿತಿಯ ಮುಂದಿರುವಾಗ, ಪಕ್ಷ ತನ್ನ ನಿಲುವನ್ನು ಇನ್ನೂ ನಿರ್ಧರಿಸದಿರುವಾಗ ಹೋಗಬೇಕು.

ಪತ್ರ ಹೀಗಿರಲಿ

ಒಂದು ಪತ್ರಕ್ಕೆ ಒಂದು ವಿಷಯ, ಒಂದು ಪುಟ. ಹದಿನಾಲ್ಕು ಬೇಡಿಕೆ ಕೊಟ್ಟರೆ ಯಾವುದನ್ನು ಮೊದಲು ಮಾಡಬೇಕೆಂಬ ಆಯ್ಕೆಯನ್ನು ಅವರಿಗೇ ಬಿಟ್ಟಂತೆ. ಆಗ ಏನೂ ಮಾಡದಿರುವುದೇ ಸುಲಭವಾಗುತ್ತದೆ. ಆ ತಾಯಂದಿರ ಪತ್ರದ ಮಾದರಿ ಇಲ್ಲಿದೆ:

ಇವರಿಗೆ,
ಮಾನ್ಯ ಶಾಸಕರು,
……… ವಿಧಾನಸಭಾ ಕ್ಷೇತ್ರ.

ಮಾನ್ಯರೇ,

ವಿಷಯ: ಮಧ್ಯಾಹ್ನ 3.15ರ ಬಸ್ಸನ್ನು ಸಂಜೆ 4.30ಕ್ಕೆ ಹೊರಡಿಸುವ ಬಗ್ಗೆ.

ನಾವು ತಮ್ಮ ಕ್ಷೇತ್ರದ ……… ಗ್ರಾಮದ ಮತದಾರರು. ನಮ್ಮ ಊರು ಮತ್ತು ಅಕ್ಕಪಕ್ಕದ ಎರಡು ಊರುಗಳಿಂದ 23 ವಿದ್ಯಾರ್ಥಿನಿಯರು ತಾಲ್ಲೂಕು ಕೇಂದ್ರದ ಕಾಲೇಜಿಗೆ ಹೋಗುತ್ತಾರೆ. ಕಾಲೇಜು 4 ಗಂಟೆಗೆ ಬಿಡುತ್ತದೆ. 3.15ರ ನಂತರ 7ರವರೆಗೆ ಬಸ್ಸಿಲ್ಲ. ಇದೇ ಕಾರಣಕ್ಕೆ ಈ ವರ್ಷ ನಮ್ಮ ಊರಿನ 4 ಹೆಣ್ಣುಮಕ್ಕಳು ಓದು ಬಿಟ್ಟಿದ್ದಾರೆ. ಈಗ 3.15ರ ಬಸ್ಸಿನಲ್ಲಿ ಬರುವವರನ್ನು ವಿಚಾರಿಸಿದ್ದೇವೆ, ಸಮಯ ಬದಲಿಸಲು ಅವರ ಒಪ್ಪಿಗೆಯಿದೆ. ಈ ಬಗ್ಗೆ ತಾವು ಸಾರಿಗೆ ಸಂಸ್ಥೆಯ ವಿಭಾಗೀಯ ಅಧಿಕಾರಿಗಳಿಗೆ ಪತ್ರ ಬರೆಯಬೇಕೆಂದು ಕೋರುತ್ತೇವೆ. ಕೈಗೊಂಡ ಕ್ರಮವನ್ನು ಕೆಳಗಿನ ವಿಳಾಸಕ್ಕೆ ತಿಳಿಸಬೇಕಾಗಿ ವಿನಂತಿ.

ಇಂತಿ ತಮ್ಮ ವಿಶ್ವಾಸಿಗಳು,
(ಹೆಸರು, ಸಹಿ, ವಿಳಾಸ, ದೂರವಾಣಿ)

ಗಮನಿಸಿ: ಹೊಗಳಿಕೆಯ ಸಾಲುಗಳಿಲ್ಲ, ಬೈಗುಳವೂ ಇಲ್ಲ. ಯಾರು ಕೇಳುತ್ತಿದ್ದಾರೆ, ಕಷ್ಟವೇನು, ಎಷ್ಟು ಜನರಿಗೆ, ಶಾಸಕರು ಮಾಡಬೇಕಾದ್ದು ಏನು ಎಂಬ ನಾಲ್ಕು ಮಾತುಗಳಿವೆ. ಸಂಖ್ಯೆಗಳನ್ನು ಅಂದಾಜಿನಲ್ಲಿ ಬರೆದಿಲ್ಲ, ಎಣಿಸಿ ಬರೆದಿದ್ದಾರೆ. ಹೊಸ ಬಸ್ಸು ಕೇಳದೆ ಇದ್ದ ಬಸ್ಸಿನ ಹೊತ್ತನ್ನು ಮಾತ್ರ ಬದಲಿಸಲು ಕೇಳಿದ್ದರಿಂದ, ಇಲ್ಲವೆನ್ನಲು ಅಧಿಕಾರಿಗಳಿಗೂ ಸುಲಭದ ಕಾರಣ ಸಿಗಲಿಲ್ಲ.

ಒಂದೇ ಮಾದರಿಯನ್ನು ಅಚ್ಚು ಹಾಕಿಸಿ ಇನ್ನೂರು ಜನ ಸಹಿ ಮಾಡುವುದಕ್ಕಿಂತ, ಹತ್ತು ಮನೆಯವರು ತಮ್ಮ ತಮ್ಮ ಮಾತಿನಲ್ಲಿ ಬರೆದ ಹತ್ತು ಪತ್ರಗಳು ಹೆಚ್ಚು ನಾಟುತ್ತವೆ. ಕೈಬರಹವಾದರೂ ಸರಿ, ಕನ್ನಡದಲ್ಲೇ ಬರೆಯಿರಿ. ನಿಮ್ಮ ಬಳಿ ಒಂದು ಪ್ರತಿ ಇಟ್ಟುಕೊಳ್ಳಿ. ದಾಖಲೆಗಳ ಮೂಲ ಪ್ರತಿಯನ್ನು ಎಂದೂ ಕೊಡಬೇಡಿ, ಜೆರಾಕ್ಸ್ ಸಾಕು. ಅಂಚೆಯಲ್ಲಾದರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಜೋಪಾನ ಮಾಡಿ. ಮೊಬೈಲಿನಲ್ಲಿ ಕಳಿಸಿದ ಸಂದೇಶ ನೆನಪಿಸಲು ಒಳ್ಳೆಯದು, ಆದರೆ ಕಡತಕ್ಕೆ ಸೇರುವುದು ಕಾಗದವೇ.

ಭೇಟಿಗೆ ಹೋದಾಗ

ಮೂರು ನಾಲ್ಕು ಜನ ಸಾಕು. ನಲವತ್ತು ಜನ ಹೋದರೆ ಅದು ಸಭೆಯಾಗುತ್ತದೆ, ಮಾತುಕತೆಯಾಗುವುದಿಲ್ಲ. ಕಷ್ಟ ಅನುಭವಿಸುತ್ತಿರುವವರೇ ಒಬ್ಬರಾದರೂ ಜೊತೆಗಿರಲಿ. ಅಕ್ಕಪಕ್ಕದ ಬೇರೆ ಧರ್ಮದ ಮನೆಯವರೂ ಬರಲಿ. ಬಸ್ಸಿಗಾಗಿ ಹೋದ ಆ ಮೂವರಲ್ಲಿ ಒಬ್ಬರು ನಮ್ಮ ಧರ್ಮದವರಲ್ಲ. ಆದ್ದರಿಂದಲೇ ಅದು ಚರ್ಚಿನವರ ಬೇಡಿಕೆ ಎನಿಸದೆ ಊರಿನ ಬೇಡಿಕೆಯಾಯಿತು.

ಶಾಸಕರ ಆಪ್ತ ಸಹಾಯಕರನ್ನು ಕಡೆಗಣಿಸಬೇಡಿ. ಪತ್ರಗಳನ್ನು ಓದಿ ವಿಂಗಡಿಸುವವರು, ಭೇಟಿಯ ಸಮಯ ಗೊತ್ತುಮಾಡುವವರು, ಮತ್ತೆ ನೆನಪಿಸುವವರು ಅವರೇ. ಅವರ ಹೆಸರು, ದೂರವಾಣಿ ಬರೆದುಕೊಳ್ಳಿ. ಪತ್ರದ ನಿಮ್ಮ ಪ್ರತಿಯ ಮೇಲೆ ದಿನಾಂಕ ಸಹಿತ ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ. ಶಾಸಕರು ಕೇಳಿದ ಪ್ರಶ್ನೆಗೆ ಉತ್ತರ ತಿಳಿಯದಿದ್ದರೆ ಊಹಿಸಿ ಹೇಳದೆ, ವಿಚಾರಿಸಿ ತಿಳಿಸುತ್ತೇವೆ ಎನ್ನಿ. ಒಂದು ಸಲ ತಪ್ಪು ಲೆಕ್ಕ ಕೊಟ್ಟರೆ ಮುಂದೆ ಸರಿಯಾದ ಲೆಕ್ಕವನ್ನೂ ನಂಬುವುದಿಲ್ಲ. ಹೊರಡುವ ಮುಂಚೆ, “ಮತ್ತೆ ಯಾವಾಗ ಬಂದು ಕಾಣಲಿ ಸಾರ್?” ಎಂದು ಕೇಳಿ, ಆ ದಿನವನ್ನು ಅವರ ಬಾಯಿಂದಲೇ ಹೇಳಿಸಿಕೊಳ್ಳಿ.

ಬಿಡದೆ ಹೋಗುವುದು

ಲೂಕನ ಶುಭಸಂದೇಶದ ಹದಿನೆಂಟನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಹೇಳಿದ ವಿಧವೆಯ ಸಾಮತಿ ನಮಗೆಲ್ಲಾ ಗೊತ್ತು. ದೇವರಿಗೂ ಹೆದರದ, ಜನರಿಗೂ ಅಂಜದ ನ್ಯಾಯಾಧೀಶನೊಬ್ಬನ ಬಳಿಗೆ ಅವಳು ಮತ್ತೆ ಮತ್ತೆ ಹೋಗುತ್ತಾಳೆ. ಕೊನೆಗೆ ಇವಳ ಕಾಟ ತಪ್ಪಲೆಂದಾದರೂ ಅವನು ನ್ಯಾಯ ಕೊಡುತ್ತಾನೆ. ಪ್ರಭು ಇದನ್ನು ಹೇಳಿದ್ದು ಪ್ರಾರ್ಥನೆಯ ಬಗ್ಗೆ. ಆದರೂ ಒಂದು ಅಂಶ ಗಮನಿಸಬೇಕು. ಅವಳ ಬಳಿ ಹಣವಿರಲಿಲ್ಲ, ಶಿಫಾರಸು ಇರಲಿಲ್ಲ. ಅವಳು ಕೇಳಿದ್ದು ಒಂದೇ, ಅದು ನ್ಯಾಯವಾದದ್ದು, ಮತ್ತು ಅವಳು ಹೋಗುವುದನ್ನು ನಿಲ್ಲಿಸಲಿಲ್ಲ.

ನಾವು ನಿಲ್ಲಿಸಿಬಿಡುತ್ತೇವೆ. ಮನವಿ ಕೊಟ್ಟ ದಿನದ ಫೋಟೋವೇ ನಮಗೆ ಕೊನೆ. ಹದಿನೈದು ದಿನಕ್ಕೊಮ್ಮೆ ಫೋನ್ ಮಾಡಿ. ಶಾಸಕರು ಬರೆದ ಪತ್ರದ ಪ್ರತಿ ಕೇಳಿ ಪಡೆದು, ಅದನ್ನು ಹಿಡಿದು ಇಲಾಖೆಗೆ ಹೋಗಿ. ಅಲ್ಲಿಯೂ ಉತ್ತರ ಬರದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆಯ ಪ್ರಕಾರ ಸಾರ್ವಜನಿಕ ಮಾಹಿತಿ ಅಧಿಕಾರಿಗೆ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಕೊಟ್ಟು, ಈ ಪತ್ರದ ಮೇಲೆ ಏನು ಕ್ರಮವಾಗಿದೆ ಎಂದು ಕೇಳಬಹುದು. ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕವಿಲ್ಲ. 30 ದಿನಗಳೊಳಗೆ ಉತ್ತರ ಕೊಡಬೇಕು. ಕೆಲಸವಾದ ಮೇಲೆ ಕೃತಜ್ಞತೆಯ ಪತ್ರ ಬರೆಯಲು ಮರೆಯಬೇಡಿ. ಕೇಳಲು ಬರುವವರು ನೂರಾರು, ಕೃತಜ್ಞತೆ ಹೇಳಲು ಬರುವವರು ವಿರಳ. ಅಂಥವರ ನೆನಪು ಅವರಿಗೂ ಉಳಿಯುತ್ತದೆ.

ಕಾನೂನೇ ಬದಲಾಗಬೇಕಾದಾಗ

ಬಸ್ಸಿನ ಹೊತ್ತು ಮೂರು ತಿಂಗಳಲ್ಲಿ ಬದಲಾಯಿತು. ಕಾನೂನು ಬದಲಾಗಲು ತಲೆಮಾರುಗಳೇ ಬೇಕಾಗಬಹುದು. ನಮ್ಮ ಸಮುದಾಯಕ್ಕೇ ಸೇರಿದ ಒಂದು ಉದಾಹರಣೆ ಇದೆ.

1869ರಲ್ಲಿ ಬ್ರಿಟಿಷರು ಕ್ರೈಸ್ತರಿಗಾಗಿ ವಿಚ್ಛೇದನ ಕಾಯಿದೆ ತಂದರು. ಅದರ ಪ್ರಕಾರ ಗಂಡನು ಹೆಂಡತಿಯ ವ್ಯಭಿಚಾರವೊಂದನ್ನು ರುಜುವಾತು ಮಾಡಿದರೆ ಸಾಕಿತ್ತು. ಹೆಂಡತಿಗಾದರೋ ಅದಷ್ಟೇ ಸಾಲದು, ಸಾಮಾನ್ಯವಾಗಿ ಅದರ ಜೊತೆಗೆ ಕ್ರೌರ್ಯವನ್ನೋ ಪರಿತ್ಯಾಗವನ್ನೋ ರುಜುವಾತು ಮಾಡಬೇಕಿತ್ತು. ಕೇವಲ ಕ್ರೌರ್ಯದ ಕಾರಣಕ್ಕೆ ಅವಳಿಗೆ ಬಿಡುಗಡೆಯಿರಲಿಲ್ಲ. ವಿವಾಹವು ಅಳಿಯದ ಬಂಧವೆಂಬ ಧರ್ಮಸಭೆಯ ಬೋಧನೆ ಬೇರೆ ಮಾತು. ದೇಶದ ಕಾನೂನು ಗಂಡಸಿಗೊಂದು, ಹೆಂಗಸಿಗೊಂದು ಅಳತೆ ಹಿಡಿದದ್ದು ಅನ್ಯಾಯವೇ. ಕಾನೂನು ಆಯೋಗ 1960ರಲ್ಲಿ, 1983ರಲ್ಲಿ, 1998ರಲ್ಲಿ ಬದಲಾವಣೆಗೆ ಶಿಫಾರಸು ಮಾಡಿತು. ಅಲ್ಪಸಂಖ್ಯಾತರ ವೈಯಕ್ತಿಕ ಕಾನೂನಿನಲ್ಲಿ ಬದಲಾವಣೆಯ ಬೇಡಿಕೆ ಆ ಸಮುದಾಯದಿಂದಲೇ ಬರಬೇಕು ಎಂಬುದು ಸರ್ಕಾರಗಳ ನಿಲುವಾಗಿತ್ತು. 1995ರಲ್ಲಿ ಕೇರಳ ಹೈಕೋರ್ಟು ಈ ಕಾಯಿದೆಯ ಅಸಮಾನ ಭಾಗಗಳನ್ನು ತಳ್ಳಿಹಾಕಿತು. ಮಹಿಳಾ ಸಂಘಟನೆಗಳೂ ಕ್ರೈಸ್ತ ಸಂಘಸಂಸ್ಥೆಗಳೂ ಬಿಡದೆ ಕೇಳಿದವು. ಕೊನೆಗೆ 2001ರಲ್ಲಿ ಸಂಸತ್ತು ಕಾಯಿದೆಗೆ ತಿದ್ದುಪಡಿ ತಂದು ಗಂಡ ಹೆಂಡತಿ ಇಬ್ಬರಿಗೂ ಒಂದೇ ನಿಯಮ ಮಾಡಿತು.

ಮೊದಲ ಶಿಫಾರಸಿನಿಂದ ಲೆಕ್ಕ ಹಾಕಿದರೂ 41 ವರ್ಷ. ಅಷ್ಟು ವರ್ಷ ಎಷ್ಟು ಹೆಣ್ಣುಮಕ್ಕಳು ಮೌನವಾಗಿ ನೊಂದರೋ! ಸಮುದಾಯ ಇನ್ನೂ ಮೊದಲೇ, ಇನ್ನೂ ಗಟ್ಟಿಯಾಗಿ, ಒಂದೇ ದನಿಯಲ್ಲಿ ಕೇಳಿದ್ದರೆ ಎಂಬ ಪ್ರಶ್ನೆಯನ್ನು ನಾವು ಕೇಳಿಕೊಳ್ಳಲೇಬೇಕು.

ಹಳೆಯ ಒಡಂಬಡಿಕೆಯ ಸಂಖ್ಯಾಕಾಂಡದ 27ನೆಯ ಅಧ್ಯಾಯ ತೆರೆದು ನೋಡಿ. ಗಂಡುಮಕ್ಕಳಿಲ್ಲದೆ ಸತ್ತ ಚಲ್ಪಹಾದನ ಐವರು ಹೆಣ್ಣುಮಕ್ಕಳು ಮೋಶೆಯ ಮುಂದೆ, ಮುಖಂಡರ ಮುಂದೆ, ಇಡೀ ಸಭೆಯ ಮುಂದೆ ಬಂದು ನಿಂತು ತಂದೆಯ ಪಾಲನ್ನು ತಮಗೆ ಕೊಡಬೇಕೆಂದು ಕೇಳಿದರು. ಅವರ ಕೋರಿಕೆ ನ್ಯಾಯವೆಂದು ದೇವರೇ ತೀರ್ಪಿತ್ತರು. ಆ ಐವರಿಗೆ ಪಾಲು ಸಿಕ್ಕಿತು, ಮುಂದಿನವರೆಲ್ಲರಿಗೂ ಅದು ಕಾನೂನಾಯಿತು.

ಕೆಲವು ಎಚ್ಚರಿಕೆಗಳು

ನಮ್ಮ ಧರ್ಮಕೇಂದ್ರದಲ್ಲಿ ಇಷ್ಟು ಮತಗಳಿವೆ ಎಂದು ವ್ಯಾಪಾರದ ಮಾತಾಡಬೇಡಿ. ಯಾರ ಮತವೂ ಯಾರ ಜೇಬಿನಲ್ಲೂ ಇಲ್ಲ. ಧರ್ಮದ ಹೆಸರಿನಲ್ಲಿ ಮತ ಕೇಳುವುದು 1951ರ ಜನತಾ ಪ್ರಾತಿನಿಧ್ಯ ಕಾಯಿದೆಯ ಪ್ರಕಾರ ಭ್ರಷ್ಟ ಆಚರಣೆ ಎಂಬುದೂ ನೆನಪಿರಲಿ. ಕೆಲಸ ಮಾಡಿಸಿಕೊಡುತ್ತೇನೆಂದು ಹಣ ಕೇಳುವ ಮಧ್ಯವರ್ತಿಗಳನ್ನು ದೂರವಿಡಿ. ಸ್ವಂತ ಮಗನಿಗೆ ಕೆಲಸ, ಅಳಿಯನಿಗೆ ವರ್ಗಾವಣೆ ಕೇಳಲೆಂದೇ ಶಾಸಕರ ಬಾಗಿಲಿಗೆ ಹೋಗುವವರು, ಊರಿನ ಕೆಲಸಕ್ಕೆ ಹೋದ ದಿನ ದನಿ ತಗ್ಗಿಸಬೇಕಾಗುತ್ತದೆ. ಉಪಕಾರ ಪಡೆದವರಿಗೆ ಪ್ರಶ್ನೆ ಕೇಳುವ ಧೈರ್ಯ ಎಲ್ಲಿಂದ ಬರಬೇಕು?

ಕುಟುಂಬದಲ್ಲಿ ಮಾತನಾಡಲು

ಈ ಭಾನುವಾರ ರಾತ್ರಿ ಊಟವಾದ ಮೇಲೆ ಮಕ್ಕಳನ್ನೂ ಕೂರಿಸಿಕೊಂಡು ಈ ಪ್ರಶ್ನೆಗಳನ್ನು ಚರ್ಚಿಸಿ:

1. ನಮ್ಮ ಪಂಚಾಯಿತಿ ಅಥವಾ ವಾರ್ಡಿನ ಸದಸ್ಯರು, ಶಾಸಕರು, ಸಂಸದರು ಯಾರು? ಅವರ ಕಚೇರಿ ಎಲ್ಲಿದೆ?

2. ನಮ್ಮ ಬೀದಿಯಲ್ಲಿ ಎಲ್ಲರಿಗೂ ಇರುವ ಒಂದು ಕಷ್ಟ ಯಾವುದು? ಅದು ಯಾರ ಬಾಗಿಲಿಗೆ ಹೋಗಬೇಕಾದ್ದು?

3. ಅದರ ಬಗ್ಗೆ ನಾವೇ ಎಣಿಸಿ, ವಿಚಾರಿಸಿ ತಿಳಿಯಬೇಕಾದ್ದು ಏನು?

4. ನಮ್ಮ ಜೊತೆ ಬರಬಲ್ಲ ನೆರೆಮನೆಯವರು ಯಾರು?

ಉತ್ತರಗಳನ್ನು ಮನೆಯಲ್ಲಿ ಓದು ಬಲ್ಲ ಮಗುವಿನ ಕೈಯಲ್ಲೇ ಬರೆಸಿ. ಒಂದು ಹಾಳೆ ಸಾಕು. ಆ ಹಾಳೆ ತಾಯಂದಿರ ಕೈ ಸೇರುವುದು ಒಂದು ವರ್ಷ ತಡವಾದದ್ದರಿಂದ ಇಬ್ಬರು ಹುಡುಗಿಯರು ಮತ್ತೆ ಕಾಲೇಜಿನ ಮೆಟ್ಟಿಲು ಹತ್ತಲಿಲ್ಲ. ನಮ್ಮ ಊರಿನ ಹಾಳೆಯನ್ನು ನಾವು ಈ ವಾರವೇ ಬರೆಯೋಣ.